ಅಳಿವೆಯ ಗಾಳಕ್ಕೆ ಲೀಡರ್: ಯಾವ ದಾರ, ಯಾವ ಗಂಟು

ಮೀನು ತಪ್ಪಿಸಿಕೊಂಡರೆ ಮೊದಲು ದಾರದ ತುದಿಯನ್ನು ಬೆರಳ ಮೇಲಿಟ್ಟು ನೋಡಿ. ಹೀರೆಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿದ್ದರೆ ಗಂಟು ಜಾರಿದೆ. ಬಿಳಿಚಿಕೊಂಡು ಒರಟಾಗಿದ್ದರೆ ಬಂಡೆಗೋ ಬೇರಿಗೋ ಉಜ್ಜಿ ಹರಿದಿದೆ. ಬ್ಲೇಡಿನಿಂದ ಕೊಯ್ದಂತೆ ನೇರವಾಗಿದ್ದರೆ ಹಲ್ಲಿನ ಕೆಲಸ. ಮೂರಕ್ಕೂ ಮದ್ದು ಬೇರೆ ಬೇರೆ. ಬರೀ ದಪ್ಪ ದಾರ ಹಾಕಿದರೆ ಎಲ್ಲವೂ ಸರಿಹೋಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಶರಾವತಿ, ಅಘನಾಶಿನಿ, ಗಂಗೊಳ್ಳಿಯಂಥ ಅಳಿವೆಗಳಲ್ಲಿ ಸ್ಪಿನ್ನಿಂಗ್ ರಾಡ್ ಮತ್ತು ಲ್ಯೂರ್ (ಕೃತಕ ಆಮಿಷ) ಹಿಡಿದು ಬಾರಾಮುಂಡಿ, ಕೆಂಬೇರಿ ಹಿಡಿಯುವವರಿಗೆ. ರೀಲಿನಲ್ಲಿ ಪಿಇ 2ರ (ದಪ್ಪದ ಅಳತೆ) ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ, ಇದೆ ಎಂದುಕೊಳ್ಳೋಣ. ಬ್ರೇಡ್ ತೆಳ್ಳಗಿದ್ದರೂ ಗಟ್ಟಿ, ಹಿಗ್ಗುವುದೇ ಇಲ್ಲ ಎನ್ನಬಹುದು. ಆದರೆ ಬಿಗಿಯಾಗಿದ್ದಾಗ ಚಿಪ್ಪು ಅಂಟಿದ ಬಂಡೆಗೆ ಒಮ್ಮೆ ತಾಗಿದರೂ ಎಳೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಕೊನೆಯ ಒಂದೂವರೆ ಮೀಟರ್ ಲೀಡರ್ ಬೇಕು, ಅಂದರೆ ಬ್ರೇಡಿಗೂ ಲ್ಯೂರಿಗೂ ನಡುವೆ ಕಟ್ಟುವ, ಉಜ್ಜಾಟ ತಾಳುವ ದಾರ.

ನೈಲಾನೋ ಫ್ಲೋರೋಕಾರ್ಬನ್ನೋ

ಫ್ಲೋರೋಕಾರ್ಬನ್ ನೀರಿನಲ್ಲಿ ಕಾಣುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಅದರ ವಕ್ರೀಭವನ ಸೂಚ್ಯಂಕ 1.42, ನೀರಿನದು 1.33, ನೈಲಾನಿನದು 1.5ಕ್ಕಿಂತ ಹೆಚ್ಚು. ಹಾಗಾಗಿ ತಿಳಿನೀರಿನಲ್ಲಿ ಆ ಮಾತಿಗೆ ಅರ್ಥವಿದೆ. ಮಳೆಗಾಲದ ಕೆಂಪು ನೀರಿನಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಫ್ಲೋರೋಕಾರ್ಬನ್ ಕೊಳ್ಳಲು ನಿಜವಾದ ಕಾರಣ ಅದರ ಗಡಸು ಮೈ. ಉಜ್ಜಾಟ ತಾಳುತ್ತದೆ, ನೀರು ಕುಡಿಯುವುದಿಲ್ಲ, ಬಿಸಿಲಿಗೆ ಬೇಗ ಹಾಳಾಗುವುದಿಲ್ಲ. ನೈಲಾನ್ ನೀರು ಹೀರುತ್ತದೆ, ನೆನೆದಾಗ ಅದರ ಬಲ ಸ್ವಲ್ಪ ಕುಗ್ಗುತ್ತದೆ.

ಹಾಗೆಂದು ನೈಲಾನನ್ನು ಮೂಲೆಗೆ ಹಾಕಬೇಡಿ. ಫ್ಲೋರೋಕಾರ್ಬನ್ನಿನ ಸಾಂದ್ರತೆ 1.78, ನೈಲಾನಿನದು 1.14. ನೀರಿನ ಮೇಲೆ ಆಡುವ ಪಾಪರ್ ಮುಂದೆ ಫ್ಲೋರೋಕಾರ್ಬನ್ ಕಟ್ಟಿದರೆ ದಾರ ಮುಳುಗಿ ಲ್ಯೂರಿನ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಅಲ್ಲಿ ನೈಲಾನೇ ಸರಿ. ಅದರ ಹಿಗ್ಗುವ ಗುಣ ಹತ್ತಿರದಲ್ಲಿ ಮೀನು ತಲೆ ಒದರುವಾಗಲೂ ಉಪಕಾರ.

ಕೊಳ್ಳುವಾಗ ಒಂದು ಎಚ್ಚರ. ‘ಫ್ಲೋರೋಕಾರ್ಬನ್ ಕೋಟೆಡ್’ ಎಂದು ಬರೆದಿದ್ದರೆ ಒಳಗಿರುವುದು ನೈಲಾನ್. ಅನುಮಾನ ಬಂದರೆ ಎರಡಂಗುಲ ತುಂಡನ್ನು ಲೋಟದ ನೀರಿಗೆ ಹಾಕಿ, ಬೆರಳಿನಿಂದ ಒತ್ತಿ ಪೂರ್ತಿ ಮುಳುಗಿಸಿ ಬಿಡಿ. ಅಪ್ಪಟವಾದದ್ದು ಸರಸರನೆ ತಳ ಸೇರುತ್ತದೆ, ನೈಲಾನ್ ನಿಧಾನವಾಗಿ ತೇಲಾಡುತ್ತಾ ಇಳಿಯುತ್ತದೆ.

ಪೊಟ್ಟಣದ ಮೇಲೆ ಪೌಂಡ್ (ದಾರ ತಾಳುವ ಎಳೆತ) ಜೊತೆಗೆ ಮಿಲಿಮೀಟರನ್ನೂ ಓದಿ. ಉಜ್ಜಾಟ ತಾಳುವುದು ದಪ್ಪ. ಮರಳು ದಂಡೆಗೆ 25ರಿಂದ 30 ಪೌಂಡ್, ಅಂದರೆ ಸುಮಾರು ಅರ್ಧ ಮಿ.ಮೀ. ಸಾಕು. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ, ಸೇತುವೆ ಕಂಬದ ಬುಡದಲ್ಲಿ 40ರಿಂದ 50 ಪೌಂಡ್ ಹಾಕಿ. ಬಾರಾಮುಂಡಿಗೆ ಕತ್ತರಿಸುವ ಹಲ್ಲಿಲ್ಲ. ಆದರೆ ಬಾಯಿ ಉಪ್ಪು ಕಾಗದದಂತೆ, ಕಿವಿರಿನ ಮುಚ್ಚಳದ ಅಂಚು ಹರಿತ. ಕೆಂಬೇರಿಗೆ ಕೋರೆಹಲ್ಲಿದೆ, ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ.

ಬ್ರೇಡಿಗೆ ಲೀಡರ್: ಎಫ್‌ಜಿ ಗಂಟು

ಇದನ್ನು ಕಲಿಯಲು ಒಂದು ಸಂಜೆ ಹಿಡಿಯುತ್ತದೆ, ಆದರೆ ಕಲಿಯಲೇಬೇಕು. ಬೇರೆ ಗಂಟುಗಳಲ್ಲಿ ಲೀಡರ್ ಮಡಚಿಕೊಳ್ಳುತ್ತದೆ, ಇದರಲ್ಲಿ ನೇರವಾಗಿಯೇ ಇರುತ್ತದೆ. ಬ್ರೇಡ್ ಅದನ್ನು ಜಡೆಯಂತೆ ಹೆಣೆದು ಹಿಡಿಯುತ್ತದೆ, ಎಳೆದಷ್ಟೂ ಹಿಡಿತ ಬಿಗಿ. ಗಂಟು ಸಣ್ಣದಾದ್ದರಿಂದ ರಾಡಿನ ಬಳೆಗಳಲ್ಲಿ ಸಲೀಸಾಗಿ ಹಾಯುತ್ತದೆ.

1. ಲೀಡರಿನ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಹಲ್ಲಿನಲ್ಲಿ ಹಿಡಿದು ಬಿಗಿ ಮಾಡಿ. ಕೆಲಸ ಮುಗಿಯುವವರೆಗೂ ಬಿಗಿ ಸಡಿಲಬಾರದು.

2. ಬ್ರೇಡಿನ ತುದಿಯಿಂದ 50 ಸೆಂ.ಮೀ. ಬಿಟ್ಟು ಲೀಡರಿನ ಮೇಲೆ ಅಡ್ಡ ಇಡಿ. ಈಗ ರೀಲಿನ ಕಡೆಯ ಎಳೆ ಒಂದು ಕೈಯಲ್ಲಿ, ತುದಿಯ ಎಳೆ ಇನ್ನೊಂದು ಕೈಯಲ್ಲಿ.

3. ಎರಡೆಳೆಯನ್ನೂ ಲೀಡರಿನ ಕೆಳಗೆ ಕತ್ತರಿಯಂತೆ ದಾಟಿಸಿ, ಕೈ ಬದಲಿಸಿ, ಮೇಲೆ ದಾಟಿಸಿ, ಮತ್ತೆ ಕೆಳಗೆ. ಹೀಗೆ 20 ಸಲ. ಹೊಸ ಸುತ್ತು ಹಳೆಯದರ ಮೇಲೆ ಹತ್ತಬಾರದು, ಪಕ್ಕಕ್ಕೆ ಒತ್ತಿ ಕೂರಬೇಕು. ನುಣುಪಾದ ಎಂಟೆಳೆ ಬ್ರೇಡಾದರೆ 24 ಸಲ.

4. ಹೆಣಿಗೆಯನ್ನು ಉಗುರಿನಿಂದ ಅದುಮಿ ಹಿಡಿದು, ಬ್ರೇಡಿನ ತುದಿಯಿಂದ ಲೀಡರನ್ನೂ ರೀಲಿನ ಕಡೆಯ ಬ್ರೇಡನ್ನೂ ಸೇರಿಸಿ ಎರಡು ಅರೆಗಂಟು ಹಾಕಿ.

5. ನೀರು ಹಚ್ಚಿ. ಬ್ರೇಡನ್ನು ಬಟ್ಟೆ ಸುತ್ತಿದ ಮರದ ತುಂಡಿಗೆ ಸುತ್ತಿಕೊಂಡು ಜೋರಾಗಿ ಎಳೆಯಿರಿ. ಬರಿಗೈಯಲ್ಲಿ ಎಳೆದರೆ ಬೆರಳು ಕುಯ್ಯುತ್ತದೆ. ಹೆಣಿಗೆ ಕಚ್ಚಿಕೊಂಡಾಗ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಆ ಬಣ್ಣ ಬಾರದಿದ್ದರೆ ಗಂಟು ಇನ್ನೂ ಕೂತಿಲ್ಲ.

6. ಇನ್ನೂ ನಾಲ್ಕು ಅರೆಗಂಟನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆಯಿಂದ ಹಾಕಿ. ಲೀಡರಿನ ತುದಿಯನ್ನು ಒತ್ತಿಗೇ ಕತ್ತರಿಸಿ. ಆಮೇಲೆ ಬರೀ ಬ್ರೇಡಿನ ಮೇಲೆ ಮೂರು ಅರೆಗಂಟು ಹಾಕಿ, 2 ಮಿ.ಮೀ. ಬಿಟ್ಟು ಬ್ರೇಡಿನ ತುದಿ ಕತ್ತರಿಸಿ.

ಈ ಗಂಟು ಕೆಡುವುದು ಹೆಚ್ಚಾಗಿ 5ನೇ ಹಂತದಲ್ಲಿ. ಮೆಲ್ಲಗೆ ಎಳೆದು ಬಿಟ್ಟರೆ ಹೆಣಿಗೆ ಕಚ್ಚುವುದಿಲ್ಲ, ಹತ್ತಾರು ಬೀಸಿನ ನಂತರ ದೊಡ್ಡ ಮೀನಿಗೇ ಜಾರುತ್ತದೆ. ಲೀಡರಿನ ತುದಿಯನ್ನು ಲೈಟರಿನಿಂದ ಸುಟ್ಟು ಗುಂಡಿ ಮಾಡುವವರೂ ಇದ್ದಾರೆ. ಬ್ರೇಡಿನ ಪಾಲಿಥಿಲೀನ್ 150 ಡಿಗ್ರಿಯೊಳಗೇ ಕರಗುತ್ತದೆ, ಪಕ್ಕದ ಬಿಸಿಯೇ ಅದಕ್ಕೆ ಸಾಕು. ಆದ್ದರಿಂದ ಸುಡದಿರುವುದೇ ಒಳ್ಳೆಯದು.

ಅಲುಗಾಡುವ ದೋಣಿಯಲ್ಲಿ ಎಫ್‌ಜಿ ಆಗದಿದ್ದರೆ ಡಬಲ್ ಯೂನಿ ಹಾಕಿ: ಬ್ರೇಡಿನ ಕಡೆ 8 ಸುತ್ತು, ಲೀಡರಿನ ಕಡೆ 4. ಇದು ಉಬ್ಬಿದ ಗಂಟು, ಬಳೆಗೆ ತಗಲುತ್ತದೆ. ಆದ್ದರಿಂದ ಆಗ ಲೀಡರ್ 60 ಸೆಂ.ಮೀ. ಮಾತ್ರ ಇಟ್ಟು ಗಂಟನ್ನು ರಾಡಿನ ತುದಿಯಿಂದ ಹೊರಗೇ ಉಳಿಸಿ.

ಲೀಡರಿಗೆ ಲ್ಯೂರ್

40 ಪೌಂಡಿನ ಬಿರುಸು ದಾರವನ್ನು ಲ್ಯೂರಿನ ಮೂತಿಗೆ ಬಿಗಿದು ಕಟ್ಟಿದರೆ ಲ್ಯೂರ್ ಮರದ ತುಂಡಿನಂತೆ ಬರುತ್ತದೆ. ಜಾರದ ಕುಣಿಕೆ ಹಾಕಿ, ಅದರೊಳಗೆ ಲ್ಯೂರ್ ಆಡಿಕೊಂಡಿರುತ್ತದೆ. ತುದಿಯಿಂದ 20 ಸೆಂ.ಮೀ. ಹಿಂದೆ ಒಂದು ಸಾದಾ ಗಂಟು ಹಾಕಿ, ಬಿಗಿಯದೆ ಬಿಡಿ. ತುದಿಯನ್ನು ಲ್ಯೂರಿನ ಕಣ್ಣಿನಲ್ಲಿ ತೂರಿಸಿ, ಆ ಗಂಟಿನಿಂದ ಹೊರಬಂದ ಬದಿಯಿಂದಲೇ ಮತ್ತೆ ಒಳಕ್ಕೆ ಹಾಕಿ. ಮೇಲಿನ ದಾರಕ್ಕೆ 4 ಸುತ್ತು ಸುತ್ತಿ (50–60 ಪೌಂಡಾದರೆ 3), ಅದೇ ಬದಿಯಿಂದ ಗಂಟಿನೊಳಗೆ ವಾಪಸ್ ತನ್ನಿ. ಬದಿ ತಪ್ಪಿದರೆ ಗಂಟು ಓರೆಯಾಗಿ ಕೂತು ಬಲ ಕಳೆದುಕೊಳ್ಳುತ್ತದೆ. ಉಗುಳು ಹಚ್ಚಿ ನಿಧಾನ ಬಿಗಿಯಿರಿ. ಒಣದಾರವನ್ನು ರಪ್ಪನೆ ಎಳೆದರೆ ತಿಕ್ಕಾಟದ ಬಿಸಿಗೆ ಫ್ಲೋರೋಕಾರ್ಬನ್ ಬೆಳ್ಳಗಾಗುತ್ತದೆ. ಬಿಳಿ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ.

ಹಲ್ಲಿನ ಮೀನಿಗೆ ತಂತಿ

ಅಂಜಲ್, ಬರಾಕುಡಾ ಮುಂದೆ 80 ಪೌಂಡಿನ ದಾರಕ್ಕೂ ಭರವಸೆಯಿಲ್ಲ. 0.4 ಮಿ.ಮೀ. ಸ್ಟೇನ್‌ಲೆಸ್ ಒಂಟಿ ತಂತಿ 15–20 ಸೆಂ.ಮೀ. ಸಾಕು. ಕುಣಿಕೆ ಮಾಡುವಾಗ ಎರಡು ಎಳೆಯೂ ಒಂದನ್ನೊಂದು ಸಮನಾಗಿ ಐದು ಸಲ ಹೊಸೆದುಕೊಳ್ಳಬೇಕು. ನೇರವಾದ ತಂತಿಗೆ ಇನ್ನೊಂದು ಬರೀ ಸುತ್ತಿದರೆ ಜಾರುತ್ತದೆ. ಆಮೇಲೆ ಒತ್ತೊತ್ತಾಗಿ ಐದು ಸುತ್ತು. ತುದಿಯನ್ನು ಇಕ್ಕಳದಲ್ಲಿ ಕತ್ತರಿಸಿದರೆ ಮುಳ್ಳಿನಂತೆ ಉಳಿದು ಕೈ ಸೀಳುತ್ತದೆ. ಬದಲಿಗೆ ಅದನ್ನು ಹಿಡಿಕೆಯಂತೆ ಬಗ್ಗಿಸಿ ಹಿಂದೆ ಮುಂದೆ ಆಡಿಸಿ, ಒತ್ತಿಗೇ ಮುರಿದು ಬರುತ್ತದೆ. ತಂತಿ ಒಮ್ಮೆ ಮುರುಟಿದರೆ ನೇರ ಮಾಡಿ ಬಳಸಬೇಡಿ, ಅದೇ ಜಾಗದಲ್ಲಿ ತುಂಡಾಗುತ್ತದೆ.

ನೀರಿಗೆ ಎಸೆಯುವ ಮೊದಲು ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿ, ನೋಡಿ. ಲ್ಯೂರನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆಯಿರಿ. ಬ್ರೇಡ್ 30 ಪೌಂಡಿನದಾದರೆ 3.5 ಕೆಜಿಯ ಹತ್ತಿರ ರೀಲ್ ದಾರ ಬಿಡಬೇಕು. ಮೀನು ಹಿಡಿದ ಮೇಲೆ, ಬಂಡೆಗೆ ಸಿಕ್ಕಿ ಬಿಡಿಸಿದ ಮೇಲೆ ಲೀಡರಿನ ಕೊನೆಯ ಎರಡು ಗೇಣನ್ನು ಉಗುರಿನ ನಡುವೆ ಜಾರಿಸಿ ನೋಡಿ. ತರಿ ಸಿಕ್ಕಿದರೆ ಅಲ್ಲಿಗೆ ಕತ್ತರಿಸಿ ಕುಣಿಕೆ ಹೊಸದಾಗಿ ಹಾಕಿ. ಕತ್ತರಿಸಿದ ತುಂಡುಗಳನ್ನು ದಂಡೆಯಲ್ಲಿ ಬಿಸಾಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಜೇಬಿನಲ್ಲೊಂದು ಡಬ್ಬಿ ಇಟ್ಟುಕೊಂಡು ಅದರಲ್ಲಿ ತುಂಬಿ ಮನೆಗೆ ತನ್ನಿ.