ಮಿದುಳು ದುಡಿಯುವುದನ್ನು ರಕ್ತದಲ್ಲಿ ನೋಡುವುದು ಹೇಗೆ?

ನವಲಗುಂದ, ನರಗುಂದದ ಕಡೆ ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ, ಬೇರು ನೀರು ಹೀರುವುದು ಯಾರಿಗೂ ಕಾಣುವುದಿಲ್ಲ. ಯಾವ ಹೊಲದ ಕಡೆ ನೀರು ತಿರುಗಿದೆ ಎಂಬುದು ಮಾತ್ರ ಕಾಣುತ್ತದೆ. ದೊಡ್ಡ ಅಯಸ್ಕಾಂತವಿರುವ ಎಂಆರ್‌ಐ ಯಂತ್ರದೊಳಗೆ, ಮಿದುಳು ಕೆಲಸ ಮಾಡುತ್ತಿರುವಾಗಲೇ ಅದರ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಪರೀಕ್ಷೆಯೂ ಹೀಗೆಯೇ ನರಕೋಶವನ್ನಲ್ಲ, ಅದಕ್ಕೆ ಹರಿದ ರಕ್ತವನ್ನು ನೋಡುತ್ತದೆ.

ಮೊದಲು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ತಾಳಿ ಬಿಚ್ಚಲು ಹಲವರು ಅಳುಕುತ್ತಾರೆ. ಚಿನ್ನವನ್ನು ಅಯಸ್ಕಾಂತ ಸೆಳೆಯದಿದ್ದರೂ ಒಳಗೆ ಯಾವ ಲೋಹವೂ ಬೇಡ. ಎದೆಬಡಿತ ಕಾಯುವ ಪೇಸ್‌ಮೇಕರ್ ಸಾಧನ ಮೈಯೊಳಗೆ ಇದ್ದರೆ ಮುಂಚೆಯೇ ಹೇಳಲೇಬೇಕು.

ಒಳಗೆ ಮಲಗಿದ ಮೇಲೆ ತಲೆ ಅಲುಗಬಾರದು. ಬಲಗೈ ಬೆರಳುಗಳನ್ನು 20 ಸೆಕೆಂಡು ಆಡಿಸಿ, 20 ಸೆಕೆಂಡು ಸುಮ್ಮನಿರಿ ಎನ್ನುತ್ತಾರೆ. ಇದನ್ನೇ ಹಲವು ಸಲ ಮಾಡಿಸುತ್ತಾರೆ. ಯಂತ್ರ ಸುಮಾರು ಎರಡೆರಡು ಸೆಕೆಂಡಿಗೆ ಇಡೀ ಮಿದುಳಿನ ಚಿತ್ರ ತೆಗೆಯುತ್ತಿರುತ್ತದೆ.

ಬೆರಳು ಆಡಿದೊಡನೆ ಎಡಮಿದುಳಿನ ಒಂದು ಪಟ್ಟಿಯಲ್ಲಿ ನರಕೋಶಗಳು ಚುರುಕಾಗುತ್ತವೆ, ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಇಲ್ಲಿದೆ. ದುಡಿಯುವ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗಬೇಕು ಎಂದು ನಾವು ಎಣಿಸುತ್ತೇವೆ. ಆದರೆ ಖರ್ಚಾದದ್ದಕ್ಕಿಂತ ಬಹಳ ಹೆಚ್ಚು ಆಮ್ಲಜನಕ ಹೊತ್ತ ರಕ್ತ ಅಲ್ಲಿಗೆ ನುಗ್ಗುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್; ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ಗೆ ಕಾಂತಗುಣವಿದೆ ಎಂದು ರಸಾಯನವಿಜ್ಞಾನಿಗಳಾದ ಲಿನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ತೋರಿಸಿದ್ದರು. ಅದು ಸುತ್ತಲಿನ ಕಾಂತಕ್ಷೇತ್ರವನ್ನು ಕದಡಿ, ಮಿದುಳಿನಿಂದ ಯಂತ್ರ ಹಿಡಿಯುವ ಎಂಆರ್‌ಐ ಸಂಕೇತವನ್ನು ಮಂಕಾಗಿಸುತ್ತದೆ. ಹೊಸ ರಕ್ತ ಅದನ್ನು ಕೊಚ್ಚಿಕೊಂಡು ಹೋದಾಗ ಮಂಕು ಕಳೆದು ಸಂಕೇತ ಏರುತ್ತದೆ. ಇದನ್ನು ಮಿದುಳಿನ ಚಿತ್ರಕ್ಕೆ ಬಳಸಬಹುದೆಂದು 1990ರಲ್ಲಿ ಕಂಡುಕೊಂಡವರು ಜಪಾನ್ ಮೂಲದ ವಿಜ್ಞಾನಿ ಸೆಯಿಜಿ ಒಗಾವಾ.

ಈ ಏರಿಕೆ ಶೇಕಡಾ ಒಂದೆರಡರಷ್ಟೇ. ಅದಕ್ಕೇ ಅಷ್ಟು ಸಲ ಬೆರಳು ಆಡಿಸುವುದು. ಗೇಟು ತೆರೆದ ಮೇಲೆ ನೀರು ಹೊಲ ಮುಟ್ಟಲು ಹೊತ್ತು ಹಿಡಿಯುವಂತೆ, ಸಂಕೇತ ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. ಆ ತಡವನ್ನು ಲೆಕ್ಕಕ್ಕೆ ಹಿಡಿದು, ಆಡಿಸಿದ ಹೊತ್ತಿನ ಚಿತ್ರಗಳನ್ನು ಸುಮ್ಮನಿದ್ದ ಹೊತ್ತಿನವುಗಳೊಂದಿಗೆ ಹೋಲಿಸುತ್ತಾರೆ. ವ್ಯತ್ಯಾಸ ಖಚಿತವಾದ ಕಡೆ ಕಂಪ್ಯೂಟರ್ ಬಣ್ಣ ಬಳಿಯುತ್ತದೆ. ಆ ಕೆಂಪು, ಹಳದಿ ಮಿದುಳಿನದ್ದಲ್ಲ, ಲೆಕ್ಕದ್ದು. ಮನಸ್ಸಿನ ಮಾತು ಅದರಲ್ಲಿ ಬರೆದಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಾತಿನ ಕೇಂದ್ರದ ಹತ್ತಿರ ಗಡ್ಡೆ ಬೆಳೆದ ರೋಗಿಗೆ, ‘ಕ’ ಅಕ್ಷರದಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ನೆನೆಯಲು ಹೇಳಬಹುದು. ಕಮಲ, ಕಣಜ, ಕರದಂಟು ಎಂದು ಆತ ನೆನೆಯುತ್ತಿರುವಾಗ ಎಲ್ಲಿಗೆ ರಕ್ತ ಹರಿಯಿತು ಎಂಬುದನ್ನು ನೋಡಿಕೊಂಡು, ಕತ್ತಿ ಎಲ್ಲಿಗೆ ತಾಗಬಾರದು ಎಂಬುದನ್ನು ವೈದ್ಯರು ಮೊದಲೇ ಗುರುತು ಹಾಕಿಕೊಳ್ಳುತ್ತಾರೆ.