ಎಲ್ಲರೂ ಬೇಡ ಅಂದ ಗೆರಿಟ್ ನಮ್ಮ ತಂಡಕ್ಕೆ ಒಗ್ಗಿದ್ದು ಹೀಗೆ: ನನ್ನ ಅನುಭವ

ಗೆರಿಟ್ ಅಂದರೆ ನಮ್ಮದೇ ಸರ್ವರ್‌ನಲ್ಲಿ ಓಡಿಸಿಕೊಳ್ಳುವ, ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪುವ (ರಿವ್ಯೂ) ಓಪನ್ ಸೋರ್ಸ್ ಸಾಧನ. ಅದರ ಹೆಸರು ಎತ್ತಿದ ಕೂಡಲೇ ನಮ್ಮ ತಂಡದಲ್ಲಿ ಮುಕ್ಕಾಲು ಜನ ಬೇಡ ಅಂದರು. ನೋಡೋಕೆ ಚೆನ್ನಾಗಿಲ್ಲ, ಕಲಿಯೋಕೆ ಕಷ್ಟ, ಆಂಡ್ರಾಯ್ಡ್‌ನಷ್ಟು ದೊಡ್ಡ ಪ್ರಾಜೆಕ್ಟ್ ಆದರೆ ಸರಿ, ನಮಗ್ಯಾಕೆ ಅನ್ನುವುದು ಅವರ ವಾದ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: ಸರ್ವರ್ ಯಾರು ನೋಡಿಕೊಳ್ಳುತ್ತಾರೆ? ಈಗ ಅದೇ ಗೆರಿಟ್ ಮೇಲೆ ಸುಮಾರು 40 ಮಂದಿ ದಿನವೂ ಕೋಡ್ ಕಳಿಸುತ್ತಿದ್ದಾರೆ. ಒಂದೂವರೆ ವರ್ಷ ದಾಟಿದೆ. ಹಳೆಯದಕ್ಕೇ ವಾಪಸ್ ಹೋಗೋಣ ಅಂತ ಈಗ ಯಾರೂ ಕೇಳುವುದಿಲ್ಲ. ಹಾಗಾಗಿ, ಹೇಗೆ ಆರಿಸಿದೆವು, ಎಲ್ಲಿ ಎಡವಟ್ಟಾಯಿತು, ಎಷ್ಟು ಖರ್ಚಾಯಿತು ಅಂತ ಬರೆದಿಡುತ್ತಿದ್ದೇನೆ. ಗಿಟ್, ಬ್ರ್ಯಾಂಚ್, ಸಿಐ ಇವೆಲ್ಲ ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತೇನೆ.

ಮೊದಲು ನಾವಿದ್ದದ್ದು ಒಂದು ಹೋಸ್ಟೆಡ್ ಸೇವೆಯಲ್ಲಿ. ಪುಲ್ ರಿಕ್ವೆಸ್ಟ್ ಪದ್ಧತಿ, ಅಂದರೆ ಒಂದು ಬ್ರ್ಯಾಂಚಿನ ಬದಲಾವಣೆಗಳನ್ನೆಲ್ಲ ಒಟ್ಟಿಗೆ ರಿವ್ಯೂಗೆ ಕಳಿಸುವುದು. ಒಂದಷ್ಟು ಹಳೇ ಕೋಡ್ ಗಿಟ್‌ಗಿಂತ ಹಳೆಯದಾದ ಎಸ್‌ವಿಎನ್‌ನಲ್ಲೇ ಉಳಿದಿತ್ತು. ಪುಲ್ ರಿಕ್ವೆಸ್ಟ್ ಅಂದರೆ 800 ಸಾಲು, ಕೆಲವೊಮ್ಮೆ ಸಾವಿರ. ಮೊದಲ ಕಾಮೆಂಟ್ ಬರೋಕೇ ಒಂದು ದಿನದ ಮೇಲಾಗುತ್ತಿತ್ತು. ಕಾಮೆಂಟ್ ಬಂದ ಮೇಲೆ ಬರೆದವರು ರಿಬೇಸ್ ಮಾಡಿ ಫೋರ್ಸ್ ಪುಶ್ ಮಾಡುತ್ತಿದ್ದರು, ಅಂದರೆ ಹಳೇ ಕಮಿಟ್‌ಗಳ ಜಾಗಕ್ಕೆ ಹೊಸವನ್ನು ಹಾಕುತ್ತಿದ್ದರು. ಅಲ್ಲಿಗೆ ಹಳೇ ಕಾಮೆಂಟ್‌ಗಳು ಯಾವ ಸಾಲಿಗೆ ಹಾಕಿದ್ದು ಅಂತಲೇ ತಿಳಿಯುತ್ತಿರಲಿಲ್ಲ. ರಿವ್ಯೂ ಮಾಡುವವರು ಮತ್ತೆ ಮೊದಲಿನಿಂದ ಓದಬೇಕು. ಸಾವಿರ ಸಾಲನ್ನು ಎರಡನೇ ಸಲ ಯಾರು ಓದುತ್ತಾರೆ? ಅಪ್ರೂವ್ ಒತ್ತಿ ಮುಗಿಸುತ್ತಿದ್ದರು. ಪ್ರೊಡಕ್ಷನ್‌ನಲ್ಲಿ ಬಗ್ ಸಿಕ್ಕ ಮೇಲೆ ಹುಡುಕಿದರೆ, ಬಹಳ ಸಲ ಅದು ಆ ಎರಡನೇ ಪುಶ್‌ನಲ್ಲಿ ನುಸುಳಿದ್ದಾಗಿರುತ್ತಿತ್ತು.

ಸಿಸ್ಕೊದ ಒಂದು ತಂಡದ 2,500 ರಿವ್ಯೂಗಳನ್ನು ಸ್ಮಾರ್ಟ್‌ಬೇರ್ ಕಂಪನಿ ನೋಡಿದಾಗಲೂ, ಒಂದು ಸಲಕ್ಕೆ 200ರಿಂದ 400 ಸಾಲು ದಾಟಿದರೆ ತಪ್ಪು ಹಿಡಿಯುವುದು ಕಡಿಮೆಯಾಗುತ್ತದೆ ಅಂತ ಕಂಡುಬಂದಿತ್ತು. ಇದು ನಮ್ಮ ತಂಡಕ್ಕೂ ಗೊತ್ತಿತ್ತು. "ಚಿಕ್ಕದಾಗಿ ಕಳಿಸಿ" ಅಂತ ಎಷ್ಟೋ ಸಲ ಹೇಳಿಯೂ ಆಗಿತ್ತು. ಯಾರೂ ಕಳಿಸಲಿಲ್ಲ. ಯಾಕಂದರೆ ಒಂದು ಪುಲ್ ರಿಕ್ವೆಸ್ಟ್ ಮರ್ಜ್ ಆಗುವ ತನಕ ಮುಂದಿನ ಕೆಲಸವನ್ನು ಅದರ ಮೇಲೆ ಕಟ್ಟುವುದು ರಗಳೆ. ಬ್ರ್ಯಾಂಚಿನ ಮೇಲೆ ಬ್ರ್ಯಾಂಚ್, ಕೆಳಗಿನದು ಅಲ್ಲಾಡಿದರೆ ಮೇಲಿನದೆಲ್ಲ ರಿಬೇಸ್. ಅದಕ್ಕಿಂತ ಎಲ್ಲವನ್ನೂ ಒಂದಕ್ಕೇ ಸೇರಿಸಿ ಕಳಿಸುವುದು ಸುಲಭ.

ಇಷ್ಟರಲ್ಲಿ ವರ್ಷದ ಬಿಲ್ ಬಂತು. ದುಡ್ಡಿನ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲೇ ಮೊದಲ ಸಾಲು ನೋಡಿ ನಿಲ್ಲಿಸುತ್ತಾರೆ. ನಾವು ಲೆಕ್ಕ ಹಾಕಿದಾಗ ಗಿಟ್‌ಹಬ್ ಟೀಮ್ ಪ್ಲಾನ್ ತಲೆಗೆ ತಿಂಗಳಿಗೆ 4 ಡಾಲರ್, ಎಂಟರ್‌ಪ್ರೈಸ್ 21 ಡಾಲರ್. ಗಿಟ್‌ಲ್ಯಾಬ್ ಪ್ರೀಮಿಯಂ 2023ರ ಏಪ್ರಿಲ್‌ನಲ್ಲಿ 19ರಿಂದ 29 ಡಾಲರ್‌ಗೆ ಏರಿತ್ತು. 40 ಜನಕ್ಕೆ, 12 ತಿಂಗಳಿಗೆ ಹಾಕಿದರೆ 4 ಡಾಲರ್‌ನದು 2,000ದ ಒಳಗೆ, 29ರದು ಹತ್ತಿರ ಹತ್ತಿರ 14,000. ನೋಡಿದವರೆಲ್ಲ 4 ಡಾಲರ್‌ಗೆ ಕೈ ಹಾಕುತ್ತಾರೆ. ಆಮೇಲೆ ಸೆಕ್ಯುರಿಟಿಯವರು ಬಂದು ಕಂಪನಿ ಲಾಗಿನ್‌ನಿಂದಲೇ ಒಳಗೆ ಬರಬೇಕು, ಅದಕ್ಕೆ ಎಸ್‌ಎಎಂಎಲ್ ಎಂಬ ಪದ್ಧತಿ ಬೇಕು ಅನ್ನುತ್ತಾರೆ. ಅದು 21ರ ಪ್ಲಾನ್‌ನಲ್ಲಿದೆ. ಬಿಲ್ಡ್ ನಿಮಿಷದ್ದು ಬೇರೆ. ಗಿಟ್‌ಹಬ್‌ನ ಬಿಲ್ಡ್ ಸೇವೆ ಆಕ್ಷನ್ಸ್‌ನಲ್ಲಿ ಆಗ ಲಿನಕ್ಸ್ ಒಂದು ನಿಮಿಷ ಓಡಿದರೆ ಒಂದು ಅಂತ ಎಣಿಕೆ ಇತ್ತು, ವಿಂಡೋಸ್ ಓಡಿದರೆ ಎರಡು, ಮ್ಯಾಕ್ ಓಡಿದರೆ ಹತ್ತು. ನಮಗೆ ವಿಂಡೋಸ್ ಬಿಲ್ಡ್ ಜಾಸ್ತಿ. ಇದರ ಜೊತೆಗೆ ತಿಂಗಳಿಗೊಮ್ಮೆ ಕಾಮೆಂಟ್ ಹಾಕುವ ಟೆಸ್ಟರ್‌ಗಳು, ಡಾಕ್ಯುಮೆಂಟ್ ಬರೆಯುವವರು ಅಂತ ಹತ್ತು ಹದಿನೈದು ಜನ. ಅವರಿಗೂ ಪೂರ್ತಿ ಸೀಟಿನ ದುಡ್ಡು ಕೊಡಬೇಕು.

ಹೊಸದು ಆರಿಸಲು ಬೇರೆಯವರು ದೊಡ್ಡ ಪಟ್ಟಿ ಮಾಡಿದ್ದರು. ಐವತ್ತು ಅರವತ್ತು ಸಾಲು, ಎದುರಿಗೆ ಟಿಕ್. ಎಲ್ಲ ಪ್ಲಾಟ್‌ಫಾರ್ಮ್‌ಗೂ ಎಲ್ಲ ಸಾಲಿಗೂ ಟಿಕ್ ಬಿದ್ದಿತ್ತು! ಅದರಿಂದ ಏನೂ ತೀರ್ಮಾನ ಆಗಲಿಲ್ಲ. ನಾನು ಎರಡೇ ಪರೀಕ್ಷೆ ಇಟ್ಟೆ. ಒಂದು, ಇದನ್ನು ಬಿಟ್ಟು ಹೋಗಬೇಕಾದರೆ ನಮ್ಮ ರಿವ್ಯೂಗಳು ನಮ್ಮ ಜೊತೆ ಬರುತ್ತವಾ? ಎರಡು, ನಮ್ಮದೇ ಹಳೇ ಬದಲಾವಣೆಗಳನ್ನು ಇದರಲ್ಲಿ ಮತ್ತೊಮ್ಮೆ ಓಡಿಸಿದರೆ ರಿವ್ಯೂಗೆ ಎಷ್ಟು ಹೊತ್ತು ಹಿಡಿಯುತ್ತದೆ?

ಬಿಟ್ಟು ಹೋಗುವುದನ್ನು ಮೊದಲೇ ಯಾಕೆ ಯೋಚಿಸಬೇಕು ಅಂತ ಕೆಲವರು ಕೇಳಿದರು. ಕೋಡ್ ಇಡುವ ಸೇವೆ ಬಿಟ್‌ಬಕೆಟ್ 2020ರಲ್ಲಿ, ಗಿಟ್‌ನಂಥದ್ದೇ ಆದ ಮರ್ಕ್ಯುರಿಯಲ್‌ನ ರೆಪೊಗಳನ್ನು ಕೈಬಿಟ್ಟಿತು. ರಿವ್ಯೂ ಸಾಧನವಾದ ಫ್ಯಾಬ್ರಿಕೇಟರ್ ನೋಡಿಕೊಳ್ಳುವುದನ್ನು ಅದರ ಕಂಪನಿ 2021ರಲ್ಲಿ ನಿಲ್ಲಿಸಿತು. ಚೆನ್ನಾಗಿ ನಡೆಯುತ್ತಿದ್ದ ತಂಡಗಳೇ ಆಗ ಗಂಟುಮೂಟೆ ಕಟ್ಟಬೇಕಾಯಿತು. ಕೋಡ್ ತರುವುದು ಸುಲಭ. ಗಿಟ್ ಕ್ಲೋನ್ ಮಿರರ್ ಹೊಡೆದರೆ ಕೋಡ್ ಬರುತ್ತದೆ. ಆದರೆ ಕಾಮೆಂಟ್, ಅಪ್ರೂವಲ್, "ಇದನ್ನು ಹೀಗೆ ಯಾಕೆ ಮಾಡಿದೆವು" ಅನ್ನುವ ಚರ್ಚೆ, ಇವೆಲ್ಲ ಸಾಮಾನ್ಯವಾಗಿ ಪ್ಲಾಟ್‌ಫಾರ್ಮ್‌ನ ಡೇಟಾಬೇಸ್‌ನಲ್ಲಿ ಕೂತಿರುತ್ತವೆ. ನಮ್ಮ ಹಳೇ ಸೇವೆಯಿಂದ ಅದನ್ನು ಎಪಿಐ ಮೂಲಕ ಎಳೆಯಲು ಹೋದರೆ ಗಂಟೆಗೆ ಇಷ್ಟೇ ರಿಕ್ವೆಸ್ಟ್ ಅನ್ನುವ ಮಿತಿ. ರಾತ್ರಿಯಿಡೀ ಓಡಿಸಿ, ನಡುವೆ ನಿಂತು, ಮತ್ತೆ ಓಡಿಸಿ, ಸುಮಾರು ಮೂರು ಗಿಗಾಬೈಟ್ ಜೇಸನ್ ಸಿಕ್ಕಿತು. ಅದನ್ನು ತೆಗೆದುಕೊಂಡು ಬೇರೆ ಎಲ್ಲಿಗೂ ಹಾಕುವಂತಿಲ್ಲ.

ಗಿಟ್‌ಲ್ಯಾಬ್ ಈ ಪರೀಕ್ಷೆಯಲ್ಲಿ ಪರವಾಗಿಲ್ಲ. ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಫೈಲಿನಲ್ಲಿ ಮರ್ಜ್ ರಿಕ್ವೆಸ್ಟ್‌ಗಳೂ ಕಾಮೆಂಟ್‌ಗಳೂ ಬರುತ್ತವೆ, ಆದರೆ ಅದನ್ನು ಇನ್ನೊಂದು ಗಿಟ್‌ಲ್ಯಾಬ್‌ಗೆ ಹಾಕಿದರಷ್ಟೇ ಉಪಯೋಗ. ಗೆರಿಟ್ ಗೆದ್ದದ್ದು ಇಲ್ಲೇ. 2019ರ 3.0 ಆವೃತ್ತಿಯಿಂದ ಅದು ರಿವ್ಯೂ ಮಾಹಿತಿಯನ್ನು ಗಿಟ್ ಒಳಗೇ ಇಡುತ್ತದೆ. ಕಾಮೆಂಟ್, ವೋಟ್ ಎಲ್ಲ ರೆಫ್ಸ್‌ನಲ್ಲೇ (ಬ್ರ್ಯಾಂಚ್ ಥರದ ಗುರುತುಗಳಲ್ಲೇ) ಕಮಿಟ್‌ಗಳಾಗಿ ಇರುತ್ತವೆ. ರೆಪೊ ಕಾಪಿ ಮಾಡಿದರೆ ರಿವ್ಯೂ ಕೂಡ ಕಾಪಿ ಆಯಿತು. ನಾನು ಪೈಲಟ್ ಸರ್ವರ್‌ನ ಗಿಟ್ ಫೋಲ್ಡರನ್ನು ಇನ್ನೊಂದು ಖಾಲಿ ಮೆಷಿನ್‌ಗೆ ಹಾಕಿ, ರೀಇಂಡೆಕ್ಸ್ ಓಡಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ರಿವ್ಯೂಗಳೂ ತೆರೆದುಕೊಂಡಿದ್ದವು. ಮೀಟಿಂಗ್‌ನಲ್ಲಿ ಎಲ್ಲರ ಎದುರಿಗೇ ಇದನ್ನು ಮಾಡಿ ತೋರಿಸಿದೆ. ಮ್ಯಾನೇಜರ್ ಮನಸ್ಸು ತಿರುಗಿದ್ದು ಆವತ್ತೇ.

ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನವರದೇ ಡೇಟಾಬೇಸ್ ಅಳಿಸಿಹೋಗಿ, ಸುಮಾರು ಆರು ಗಂಟೆಯ ಡೇಟಾ ಹೋಯಿತು. ಬ್ಯಾಕಪ್ ವಿಧಾನಗಳು ಹಲವು ಇದ್ದವು, ಬೇಕಾದಾಗ ಸರಿಯಾಗಿ ಕೈಗೆ ಬರಲಿಲ್ಲ. ಅವರು ಅದನ್ನು ಪೂರ್ತಿ ಬಿಚ್ಚಿ ಬರೆದಿದ್ದಾರೆ, ಅದಕ್ಕೆ ನನಗೆ ಅವರ ಮೇಲೆ ತುಂಬ ಗೌರವ. ನಾವು ತಿಂಗಳಿಗೊಮ್ಮೆ ಖಾಲಿ ಮೆಷಿನ್‌ನಲ್ಲಿ ರಿಸ್ಟೋರ್ ಮಾಡಿಯೇ ನೋಡುತ್ತೇವೆ.

ಎರಡನೇ ಪರೀಕ್ಷೆಗೆ ಹಳೇ ಬದಲಾವಣೆಗಳನ್ನು ಆರಿಸಿದೆ. ಒಂದು ಚಿಕ್ಕ ಬಗ್ ಫಿಕ್ಸ್, ಒಂದು ದೊಡ್ಡ ಫೀಚರ್, ಒಂದು ಬರೀ ರೀನೇಮ್ ತುಂಬಿದ್ದು. ದೊಡ್ಡ ಫೀಚರನ್ನು ಗೆರಿಟ್‌ಗಾಗಿ ಏಳೆಂಟು ಕಮಿಟ್‌ಗಳಾಗಿ ಒಡೆದೆವು. ಅಲ್ಲಿ ಕಮಿಟ್ ಒಂದೊಂದೂ ಒಂದು ರಿವ್ಯೂ. ತಿದ್ದಬೇಕಾದರೆ ಅದೇ ಕಮಿಟ್ ಅಮೆಂಡ್ ಮಾಡಿ ಮತ್ತೆ ಪುಶ್. ಕಮಿಟ್ ಸಂದೇಶದಲ್ಲಿರುವ ಚೇಂಜ್-ಐಡಿ ಅನ್ನುವ ಗುರುತು ಒಂದೇ ಆದ್ದರಿಂದ ಅದು ಅದೇ ರಿವ್ಯೂನ ಹೊಸ ಪ್ಯಾಚ್ ಸೆಟ್ (ಹೊಸ ಆವೃತ್ತಿ) ಆಗುತ್ತದೆ, ಒಂದನೇ ಸೆಟ್‌ಗೂ ಮೂರನೇ ಸೆಟ್‌ಗೂ ಏನು ಬದಲಾಯಿತು ಅನ್ನುವುದನ್ನಷ್ಟೇ ನೋಡಬಹುದು. ರಿವ್ಯೂ ಮಾಡುವವರಿಗೆ ಬೇಕಾಗಿದ್ದದ್ದೇ ಅದು. ಕಮಿಟ್‌ಗಳ ಸರಪಳಿಯಲ್ಲಿ ಕೆಳಗಿನ ಎರಡು ಸರಿ ಇದ್ದರೆ ಅವೆರಡು ಮರ್ಜ್ ಆಗಿಬಿಡುತ್ತವೆ, ಉಳಿದವು ಕಾಯುತ್ತವೆ. ಆ ಫೀಚರ್‌ನ ರಿವ್ಯೂ ಹಿಂದೆ ಒಂದು ವಾರದ ಮೇಲೆ ಎಳೆದಿತ್ತು. ಇಲ್ಲಿ ಎರಡು ದಿನದೊಳಗೆ ಮುಗಿಯಿತು. ಕೋಡ್ ಮೊದಲೇ ನೋಡಿದವರಾದರೆ ಬೇಗ ಮುಗಿಯುವುದು ಸಹಜ ಅಂತ ಆಕ್ಷೇಪ ಬಂತು. ಅದಕ್ಕೇ ಆ ಕೋಡ್ ಹಿಂದೆ ನೋಡಿರದ ಇಬ್ಬರಿಗೆ ಕೊಟ್ಟಿದ್ದೆ. ಅವರು ಹಳೇ ರಿವ್ಯೂನಲ್ಲಿ ಯಾರೂ ಹಿಡಿಯದ ಒಂದು ಲಾಕ್ ಸಮಸ್ಯೆಯನ್ನೂ ಹಿಡಿದರು.

ನಡುವೆ ಒಂದೆರಡು ಬೇರೆ ಪ್ರಯೋಗಗಳೂ ನಡೆದವು. ಲಿನಕ್ಸ್ ಕರ್ನೆಲ್‌ನವರ ಹಾಗೆ ಮೇಲ್‌ನಲ್ಲೇ ಪ್ಯಾಚ್ ಕಳಿಸಿ ನೋಡಿದೆವು. ಸಿ ಬರೆಯುವ ಮೂವರಿಗೆ ಬಹಳ ಇಷ್ಟವಾಯಿತು. ಆದರೆ ಆಫೀಸಿನ ಮೇಲ್ ವ್ಯವಸ್ಥೆ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ ಪ್ಯಾಚ್ ಕೆಡಿಸುತ್ತಿತ್ತು. ಬಿಟ್ಟೆವು. ಫೊರ್ಜೆಯೊ ಅನ್ನುವ, ನಮ್ಮ ಸರ್ವರ್‌ನಲ್ಲೇ ಓಡಿಸಬಹುದಾದ ಕೋಡ್ ಸೇವೆಯನ್ನೂ ಹಾಕಿ ನೋಡಿದೆ. 2022ರಲ್ಲಿ ಗಿಟೀಯಿಂದ ಕವಲೊಡೆದದ್ದು ಅದು. ಎರಡು ಗಿಗಾಬೈಟ್ ಮೆಮೊರಿಯ ಪುಟ್ಟ ಮೆಷಿನ್‌ನಲ್ಲಿ ಆರಾಮಾಗಿ ಓಡಿತು. ಗೆರಿಟ್‌ನಲ್ಲಿ ಮಾಡುವ ಹಾಗೆ ರೆಫ್ಸ್/ಫಾರ್‌ಗೆ ಪುಶ್ ಮಾಡಿದರೆ ಅದು ಕೂಡ ಪುಲ್ ರಿಕ್ವೆಸ್ಟ್ ಮಾಡಿಕೊಡುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಡಾಕ್ಯುಮೆಂಟ್‌ಗಳು, ಚಿಕ್ಕಪುಟ್ಟ ಸ್ಕ್ರಿಪ್ಟ್‌ಗಳು ಇವತ್ತಿಗೂ ಅದರಲ್ಲೇ ಇವೆ. ಐದಾರು ಜನರ ತಂಡವಾದರೆ ನಾನು ಗೆರಿಟ್ ಹೇಳುವುದೇ ಇಲ್ಲ, ಇದನ್ನೇ ಹೇಳುತ್ತೇನೆ. ಹೊರಗಿನ ಜನ ಬಂದು ಪ್ಯಾಚ್ ಕೊಡಬೇಕಾದ ಓಪನ್ ಸೋರ್ಸ್ ಕೆಲಸವಾದರೆ ಗಿಟ್‌ಹಬ್. ಜನ ಇರುವುದು ಅಲ್ಲೇ.

ಗೆರಿಟ್‌ಗೆ ಎಲ್ಲರನ್ನೂ ತಂದ ಮೊದಲ ವಾರ ಗಲಾಟೆಯೇ ಆಯಿತು. ಪುಶ್ ಮಾಡಿದವರಿಗೆಲ್ಲ ಚೇಂಜ್-ಐಡಿ ಇಲ್ಲ ಅಂತ ಎರರ್. ಅದನ್ನು ತಾನಾಗಿ ಸೇರಿಸುವ ಕಮಿಟ್-ಎಂಎಸ್‌ಜಿ ಹುಕ್ (ಚಿಕ್ಕ ಸ್ಕ್ರಿಪ್ಟ್) ಹಾಕಿಕೊಳ್ಳಿ ಅಂತ ಬರೆದಿಟ್ಟರೆ ಯಾರು ಓದುತ್ತಾರೆ? ಗಿಟ್‌ನ ಟೆಂಪ್ಲೇಟ್ ಡೈರೆಕ್ಟರಿ ಸೆಟ್ಟಿಂಗ್‌ನಲ್ಲಿ ಹುಕ್ ಇಟ್ಟು, ಅದನ್ನು ಎಲ್ಲರ ಮೆಷಿನ್‌ಗೂ ತಳ್ಳಿದೆವು. ಹೊಸ ಕ್ಲೋನ್‌ಗೆಲ್ಲ ಹುಕ್ ತಾನಾಗಿ ಬಂತು. ಎರರ್ ನಿಂತಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿಲ್ಡ್ ಖರ್ಚಿನದು. ಎಂಟು ಕಮಿಟ್ ಸರಪಳಿಯಲ್ಲಿ ತಳದ ಕಮಿಟ್ ತಿದ್ದಿ ಪುಶ್ ಮಾಡಿದರೆ ಎಂಟಕ್ಕೂ ಹೊಸ ಪ್ಯಾಚ್ ಸೆಟ್, ಎಂಟು ಪೂರ್ತಿ ಬಿಲ್ಡ್. ಮೊದಲ ತಿಂಗಳು ಬಿಲ್ಡ್ ಮೆಷಿನ್‌ಗಳ ಖರ್ಚು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ನೋಡಿ, ಉಳಿಸ್ತೀನಿ ಅಂದದ್ದು ಇಲ್ಲೇ ಹೋಯಿತು ಅಂತ ಮಾತು ಶುರುವಾಯಿತು. ಆಮೇಲೆ ಹೀಗೆ ಮಾಡಿದೆವು: ಪ್ರತಿ ಪ್ಯಾಚ್ ಸೆಟ್‌ಗೆ ಫಾರ್ಮ್ಯಾಟ್ ಮತ್ತು ಚುರುಕಾದ ಯೂನಿಟ್ ಟೆಸ್ಟ್ ಮಾತ್ರ, ಮೂರ್ನಾಲ್ಕು ನಿಮಿಷದ್ದು. ಯಾರಾದರೂ ಕೋಡ್-ರಿವ್ಯೂ ಪ್ಲಸ್ ಒಂದು (ನನಗೆ ಸರಿ ಅನ್ನಿಸಿತು ಅನ್ನುವ ವೋಟ್) ಕೊಟ್ಟ ಮೇಲೆಯೇ ಪೂರ್ತಿ ಬಿಲ್ಡ್. ಬಿಲ್ಡ್ ಓಡಿಸುವ ಜೆಂಕಿನ್ಸ್‌ನ ಗೆರಿಟ್ ಟ್ರಿಗರ್ ಪ್ಲಗಿನ್‌ನಲ್ಲಿ ವೋಟ್ ಬಂದಾಗ ಜಾಬ್ ಓಡಿಸುವ ಆಯ್ಕೆ ಇದೆ. ಜೊತೆಗೆ ಬರೀ ರಿಬೇಸ್ ಆದಾಗ ಹಳೇ ವೋಟ್ ಉಳಿಯುವ ಹಾಗೆ ಕಾಪಿ ಕಂಡಿಷನ್ ಬರೆದೆ. ಆ ಸಾಲನ್ನು ಹೇಗೆ ಬರೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಂದು ವಾರ ಕೂತು ಹದ ಮಾಡಿದ್ದು ಅದು. ಖರ್ಚು ಹಳೇ ಮಟ್ಟಕ್ಕಿಂತ ಕೆಳಗೆ ಬಂತು.

ಎಸ್‌ವಿಎನ್ ಕೋಡ್ ತರುವುದೂ ಸುಲಭವಾಗಲಿಲ್ಲ. ಆಥರ್ಸ್ ಫೈಲ್ ಕೊಟ್ಟು ಗಿಟ್ ಎಸ್‌ವಿಎನ್ ಓಡಿಸಿದರೆ ದಿನಗಟ್ಟಲೆ ಹಿಡಿಯಿತು, ಬಂದ ರೆಪೊ 10 ಗಿಗಾಬೈಟ್ ಮೇಲಿತ್ತು. ಯಾರೋ ಯಾವ ಕಾಲದಲ್ಲೋ ಹಾಕಿದ್ದ ಇನ್‌ಸ್ಟಾಲರ್‌ಗಳು, ಟೆಸ್ಟ್ ವಿಡಿಯೊಗಳು. ಗಿಟ್ ಫಿಲ್ಟರ್-ರೆಪೊದಿಂದ ಹತ್ತು ಮೆಗಾಬೈಟ್ ದಾಟಿದ ಫೈಲ್‌ಗಳನ್ನೆಲ್ಲ ತೆಗೆಸಿದೆ. 700 ಮೆಗಾಬೈಟ್ ಹತ್ತಿರ ಬಂತು. ಹಳೇ ಎಸ್‌ವಿಎನ್ ಸರ್ವರನ್ನು ಓದಲು ಮಾತ್ರ ಅಂತ ಉಳಿಸಿದೆವು. ಇದೇ ಸಮಯಕ್ಕೆ ಇಡೀ ಕೋಡನ್ನು ಒಂದೇ ಫಾರ್ಮ್ಯಾಟ್‌ಗೆ ತಂದೆವು, ಆ ಕಮಿಟ್ಟಿನ ಹ್ಯಾಶ್ ಅನ್ನು ಬ್ಲೇಮ್ ಇಗ್ನೋರ್ ಫೈಲಿಗೆ ಹಾಕಿದ್ದರಿಂದ ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಕೆಡಲಿಲ್ಲ.

ಈಗಿನ ಲೆಕ್ಕ, ನೆನಪಿನಿಂದ ಹೇಳುತ್ತಿದ್ದೇನೆ. ಮೆಷಿನ್ ನಾಲ್ಕು ಕೋರ್, 16 ಗಿಗಾಬೈಟ್ ಮೆಮೊರಿ, ಅದರಲ್ಲಿ ಅರ್ಧ ಜಾವಾ ಹೀಪ್‌ಗೆ. ಸರ್ವರ್, ಬ್ಯಾಕಪ್ ಡಿಸ್ಕ್ ಸೇರಿ ಹಳೇ ಸೀಟ್ ಬಿಲ್ಲಿನ ಐದನೇ ಒಂದು ಭಾಗ. ಅಪ್‌ಗ್ರೇಡ್, ರಿಸ್ಟೋರ್ ಪರೀಕ್ಷೆ ಅಂತ ನನ್ನ ಸಮಯ ತಿಂಗಳಿಗೆ ಒಂದು ದಿನ ಹೋಗುತ್ತದೆ. ಅದರ ಸಂಬಳ ಸೇರಿಸಿದರೂ ಹಳೆಯದರ ಅರ್ಧಕ್ಕಿಂತ ಕಡಿಮೆ. ಮ್ಯಾನೇಜರ್ ಪ್ರಶ್ನೆಗೆ ಉತ್ತರ ಈ ಅಂಕಿಯೇ. ಬದಲಾವಣೆಯ ಅಳತೆ ಸರಾಸರಿ 100 ಸಾಲಿನ ಆಸುಪಾಸಿಗೆ ಇಳಿದಿದೆ. ಮೊದಲ ಕಾಮೆಂಟ್ ಸಾಮಾನ್ಯವಾಗಿ ಮೂರು ಗಂಟೆಯೊಳಗೆ ಬರುತ್ತದೆ. ಯಾರ ಸರದಿ ಅಂತ ತೋರಿಸುವ ಅಟೆನ್ಷನ್ ಸೆಟ್ ಇದಕ್ಕೆ ಬಹಳ ನೆರವಾಯಿತು. ಯಾವ ಬದಲಾವಣೆಗೆ ಯಾರನ್ನು ರಿವ್ಯೂಗೆ ಹಾಕಬೇಕು ಅನ್ನುವ ನನ್ನ ಒಂದು ಚಿಕ್ಕ ಸ್ಕ್ರಿಪ್ಟ್ ಕೂಡ ಇದರ ಹಿಂದಿದೆ. ಅದರ ಗುಟ್ಟು ಸದ್ಯಕ್ಕೆ ಬಿಡುವುದಿಲ್ಲ.

ಮೊದಲ ದಿನ ಜೋರಾಗಿ ಬೇಡ ಅಂದಿದ್ದ ಸೀನಿಯರ್ ಒಬ್ಬರು ಈಗ ಹೊಸಬರಿಗೆ ಕಮಿಟ್ ಒಡೆಯುವುದನ್ನು ಕಲಿಸುತ್ತಾರೆ, ನನಗಿಂತ ಚೆನ್ನಾಗಿ. ಉಳಿದಿರುವುದು ವಿಂಡೋಸ್ ಬಿಲ್ಡ್. ಅದು ಇನ್ನೂ 25 ನಿಮಿಷದ ಹತ್ತಿರ ತೆಗೆದುಕೊಳ್ಳುತ್ತಿದೆ. ಪ್ಲಸ್ ಒಂದು ಬಂದ ಮೇಲೂ ಅಷ್ಟು ಹೊತ್ತು ಕಾಯಬೇಕು. ಕಂಪೈಲ್ ಕ್ಯಾಶನ್ನು ಎಲ್ಲ ಬಿಲ್ಡ್ ಮೆಷಿನ್‌ಗಳ ನಡುವೆ ಹಂಚಿದರೆ ಹತ್ತು ನಿಮಿಷಕ್ಕೆ ಇಳಿಯುತ್ತದೆ ಅನ್ನುವುದು ನನ್ನ ಅಂದಾಜು, ಆ ಕೆಲಸ ಈ ತಿಂಗಳು ಶುರು ಮಾಡಿದ್ದೇವೆ.