ವಿಕ್ಸ್‌ಬರ್ಗ್ ದಂಡಯಾತ್ರೆಯನ್ನು ನಾನು ಓದಿದ್ದು ಹೀಗೆ

ಅಮೆರಿಕದ ಅಂತರ್ಯುದ್ಧದ ಪುಸ್ತಕಕ್ಕೆ ಕೈ ಹಾಕಿದವರಿಗೆಲ್ಲ ಇದು ಗೊತ್ತಿರುತ್ತದೆ. ಯುದ್ಧ ಶುರುವಾದ 1861ರ ಸಮ್ಟರ್ ಕೋಟೆಯಿಂದ ಹುರುಪಿನಲ್ಲಿ ಹೊರಟು 1863ರ ಗೆಟಿಸ್‌ಬರ್ಗ್ ಕಾಳಗದ ಹೊತ್ತಿಗೆ ಸುಸ್ತು. ಒಂದು ಸೇನೆಗೆ ಟೆನ್ನೆಸಿ ನದಿಯ ಹೆಸರು, ಎದುರಾಳಿಯ ಇನ್ನೊಂದಕ್ಕೆ ಟೆನ್ನೆಸಿ ರಾಜ್ಯದ ಹೆಸರು. ತಲೆ ಕೆಡದೆ ಇನ್ನೇನಾಗುತ್ತದೆ?

ದಪ್ಪ ದಪ್ಪ ಸಂಪುಟಗಳ ಸೆಟ್ ತರಿಸಲು ಏಳು ಸಾವಿರದ ಹತ್ತಿರ ಸುರಿದೆ. ಕಥೆ ಸೊಗಸಾಗಿತ್ತು, ಯುದ್ಧ ಮಾತ್ರ ಹಿಡಿತಕ್ಕೆ ಸಿಗಲಿಲ್ಲ. ಆಮೇಲೆ ಸೆಕೆಂಡ್ ಹ್ಯಾಂಡ್ ನಕ್ಷೆ ಪುಸ್ತಕ ಕೊಂಡೆ. ನನಗೆ ಬೇಕಾದ ಹಾಳೆಗಳನ್ನೇ ಯಾರೋ ಕಿತ್ತುಕೊಂಡಿದ್ದರು, ಮಾರಿದವರು ಫೋನ್ ಎತ್ತಲಿಲ್ಲ. ಎರಡೂವರೆ ಸಾವಿರ ಗೋವಿಂದ.

ಆಗ ಇಡೀ ಯುದ್ಧದ ಆಸೆ ಬಿಟ್ಟೆ. ಒಂದೇ ದಂಡಯಾತ್ರೆ ಸಾಕು ಅಂದುಕೊಂಡೆ. ಮಿಸಿಸಿಪ್ಪಿ ನದಿ ದಡದಲ್ಲಿದ್ದ ದಕ್ಷಿಣದವರ ಭದ್ರಕೋಟೆ ವಿಕ್ಸ್‌ಬರ್ಗ್ ಹಿಡಿಯಲು ಉತ್ತರದವರು ಹೊರಟದ್ದು. 1863ರ ಏಪ್ರಿಲ್ 30ರಂದು ಉತ್ತರದ ಸೇನಾಪತಿ ಗ್ರಾಂಟ್ ಬ್ರೂಯಿನ್ಸ್‌ಬರ್ಗ್ ಹತ್ತಿರ ಮಿಸಿಸಿಪ್ಪಿ ದಾಟಿದಲ್ಲಿಂದ ಮೇ 17ರ ಬಿಗ್ ಬ್ಲ್ಯಾಕ್ ನದಿಯ ಕಾಳಗದವರೆಗೆ. ಬೇರೆಯವರು ಬರೆದ ಕಥನಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೇಜಿನ ಮೇಲೆ ಉಳಿದದ್ದು ಸರ್ಕಾರವೇ ಅಚ್ಚು ಹಾಕಿಸಿದ ಎರಡೂ ಕಡೆಯ ಯುದ್ಧ ದಾಖಲೆ. ಒಟ್ಟು 128 ಸಂಪುಟ, ಸ್ಕ್ಯಾನ್ ಪ್ರತಿ ಪುಕ್ಕಟೆ. ನನಗೆ ಬೇಕಿದ್ದದ್ದು ಒಂದನೇ ಶ್ರೇಣಿಯ 24ನೇ ಸಂಪುಟ. ಮೊದಲ ಎರಡು ಭಾಗದಲ್ಲಿ ವರದಿಗಳು, ಮೂರನೆಯದರಲ್ಲಿ ಪತ್ರ, ತಂತಿ, ಆದೇಶ. ಚಿನ್ನ ಇರುವುದು ಮೂರನೆಯದರಲ್ಲಿ. ಬೇಕಾದ ಪುಟಗಳ ಪ್ರಿಂಟಿಗೆ ಸಾವಿರದ ಐನೂರು, ನಕ್ಷೆ ದೊಡ್ಡದು ಮಾಡಿಸಲು ಮುನ್ನೂರು ಚಿಲ್ಲರೆ.

ನಮ್ಮ ಓದುಗರ ಬಳಗದ ನಿವೃತ್ತ ಕರ್ನಲ್ ಸಾಹೇಬರು ನಕ್ಕರು. "ನೆಲ ನೋಡದೆ ದಂಡಯಾತ್ರೆ ತಿಳಿಯೋದಿಲ್ಲ ಕಣ್ರೀ, ಮಿಸಿಸಿಪ್ಪಿಗೆ ಹೋಗಿ ಬನ್ನಿ." "ಟಿಕೆಟ್ ನೀವು ಕೊಡಿಸ್ತೀರಾ ಸಾರ್?" ಅಂದೆ.

ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವುದು ಎಲ್ಲರೂ ಮಾಡುತ್ತಾರೆ. ನಾನು ಬರೆದ ಹೊತ್ತು ಬಿಟ್ಟು, ಕೈಗೆ ತಲುಪಿದ ಹೊತ್ತಿನ ಪ್ರಕಾರ ಜೋಡಿಸಿದೆ. ದಿನಕ್ಕೊಂದು ಟ್ರೇಸಿಂಗ್ ಹಾಳೆ, ಡಿವಿಜನ್‌ಗೊಂದು ಅಂಗಿ ಗುಂಡಿ. ನಾಳೆಯ ಕಾಗದ ಇವತ್ತು ನೋಡುವಂತಿಲ್ಲ.

ಮೇ 13ರ ರಾತ್ರಿ ಜಾಕ್ಸನ್ ಊರಿನಿಂದ ದಕ್ಷಿಣದ ಹಿರಿಯ ಸೇನಾಪತಿ ಜಾನ್‌ಸ್ಟನ್ ಬರೆದ ಆದೇಶ ನೋಡಿ. ಕ್ಲಿಂಟನ್ ಹತ್ತಿರ ಶತ್ರುವಿನ ಬೆನ್ನಿಗೆ ಹೊಡೆಯಿರಿ ಎಂದು ವಿಕ್ಸ್‌ಬರ್ಗ್ ಕಾಯುತ್ತಿದ್ದ ಪೆಂಬರ್ಟನ್‌ಗೆ ಹೇಳಿದ್ದು. ಮೂರು ಜನರ ಕೈಯಲ್ಲಿ ಮೂರು ಪ್ರತಿ ಹೋದವು. ಒಬ್ಬ ಉತ್ತರದವರ ಗೂಢಚಾರ. 14ಕ್ಕೆ ಪೆಂಬರ್ಟನ್ ಓದಿದ, ಅವತ್ತೇ ಗ್ರಾಂಟ್ ಕೂಡ ಓದಿದ! ಗ್ರಾಂಟ್ ತಕ್ಷಣ ಪಡೆಯನ್ನು ಪಶ್ಚಿಮಕ್ಕೆ ತಿರುಗಿಸಿದ. ಪೆಂಬರ್ಟನ್ ಮಾತ್ರ ಸಭೆ ಕರೆದು, ಆದೇಶ ಪಕ್ಕಕ್ಕಿಟ್ಟು, ಗ್ರಾಂಟ್‌ನ ಸರಬರಾಜು ದಾರಿ ಕಡಿಯಲು ಆಗ್ನೇಯಕ್ಕೆ ಹೊರಟ. 15ರಂದು ಮಳೆಗೆ ಬೇಕರ್ಸ್ ಹಳ್ಳ ಉಕ್ಕಿ ಸೇತುವೆ ಇಲ್ಲ, ಸುತ್ತು ದಾರಿ. 16ರ ಬೆಳಗ್ಗೆ ಜಾನ್‌ಸ್ಟನ್‌ನ ಇನ್ನೊಂದು ಆದೇಶ ಬಂತು, ಈ ಸಲ ಒಪ್ಪಿ ಸೇನೆಯನ್ನು ಹಿಂದಕ್ಕೆ ತಿರುಗಿಸಲು ಹೊರಟ. ಅಷ್ಟರಲ್ಲಿ ಚಾಂಪಿಯನ್ ಹಿಲ್‌ನಲ್ಲಿ ಗುಂಡು ಹಾರುತ್ತಿತ್ತು. ಹಾಳೆ ಮೇಲೆ ಹಾಳೆ ಇಟ್ಟಾಗ ಈ ಎಳೆದಾಟ ಕಣ್ಣಿಗೇ ಕಾಣುತ್ತದೆ. ಕರ್ನಲ್ ಸಾಹೇಬರು ಎರಡು ತಾಸು ಕೂತು, ಕೊನೆಗೆ ಹಾಳೆಗಳ ಪ್ರತಿ ಕೇಳಿದರು. ಬೀಗ ತೆಗೆದು ನೋಡಿದರೆ ದಪ್ಪ ಪುಸ್ತಕದಲ್ಲೂ ಇದೇ ಇತ್ತು, ಸುಮ್ನೆ ಎರಡು ಪ್ಯಾರಾ.

ಗಡಿಯಾರ ಜಾಸ್ತಿ ಸತಾಯಿಸಿತು. ಅಲ್ಲಿ ರೈಲ್ವೆಯವರು ಒಂದೇ ಅಳತೆಯ ಸಮಯ ತಂದದ್ದು 1883ರಲ್ಲಿ. ಅದಕ್ಕೆ ಮೊದಲು ಊರಿಗೊಂದು ಹೊತ್ತು, ಅಧಿಕಾರಿಗೊಂದು ಹೊತ್ತು. ಎರಡು ಕಡೆಯ ವರದಿ ಹೊಂದಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ, ಅದನ್ನು ಸದ್ಯ ಹೇಳುವುದಿಲ್ಲ. ಸೈನಿಕರ ಲೆಕ್ಕದಲ್ಲೂ ಹುಷಾರು. ದಕ್ಷಿಣದವರು ಎಷ್ಟೋ ಸಲ ಅಧಿಕಾರಿಗಳನ್ನು ಬಿಟ್ಟೇ ಎಣಿಸುತ್ತಿದ್ದರು. ಹಾಗೇ ಹೋಲಿಸಿದರೆ ಅವರು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತಾರೆ.

ನಡುವೆ ಧಾರವಾಡದ ಕಡೆಗೂ ಒಮ್ಮೆ ಹೊರಳಿದೆ. ಅಮೆರಿಕದ ಹತ್ತಿ ನಿಂತು ನಮ್ಮ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು, ಅಲ್ವಾ? ಮುಂಬಯಿ ಪೇಟೆಯ ಧಾರಣೆಯನ್ನು ಕಾಳಗಗಳ ತಾರೀಖಿಗೆ ಹೊಂದಿಸಲು ನೋಡಿದೆ. ಆಗಲಿಲ್ಲ. ಅಟ್ಲಾಂಟಿಕ್ ತಂತಿ ನೆಟ್ಟಗೆ ಕೆಲಸ ಮಾಡಿದ್ದೇ 1866ರಲ್ಲಿ, ಸುದ್ದಿ ವಾರಗಟ್ಟಲೆ ತಡವಾಗಿ ಬರುತ್ತಿತ್ತು. 1865ರಲ್ಲಿ ಪೇಟೆ ಮಕಾಡೆ ಮಲಗಿದ್ದು ಮಾತ್ರ ಚೆನ್ನಾಗಿ ಕಂಡಿತು.

ಈಗ ಅದೇ ಯುದ್ಧದ ಚಿಕಮಾಗಾ ಕಾಳಗ ಹಿಡಿದಿದ್ದೇನೆ. 30ನೇ ಸಂಪುಟ, ನಾಲ್ಕು ಭಾಗ. ಪ್ರಿಂಟ್ ಅಂಗಡಿಯವರು ಈ ಸಲ ಪುಟಕ್ಕೆ ನಾಲ್ಕಾಣೆ ಬಿಡುತ್ತಾರಂತೆ.